ಕಾಲು ಕೊಟ್ಟವರು ನಡಿಗೆಯನ್ನೂ ಕಲಿಸಬೇಕು: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೇ,

ನಾನು ಕುಮಟಾ ತಾಲೂಕಿನಲ್ಲಿ, ದೇವಿಮನೆ ಘಟ್ಟದ ಬುಡದ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಬರುವಾಗ ನಾನು ಕುಳಿತಿದ್ದ ಆಟೋರಿಕ್ಷಾ ಮಗುಚಿ, ನನ್ನ ಎಡಗಾಲು ಅದರಡಿ ಸಿಲುಕಿತು. ಜಿಲ್ಲೆಯ ಹೊರಗಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಕಾಲನ್ನು ಉಳಿಸಲು ಪ್ರಯತ್ನಿಸಿದರು. ಹನ್ನೆರಡನೆಯ ದಿನ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಅದನ್ನು ಕತ್ತರಿಸಬೇಕಾಯಿತು. ಆ ಸಂಕಟವನ್ನು ಹೇಳಿಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಕೃತಕ ಕಾಲು ಕೈಗೆ ಬಂದ ಮೇಲೂ ಏಳು ತಿಂಗಳು ನಾನು ನಡೆಯಲಿಲ್ಲ ಎಂಬುದನ್ನು, ಹಾಗಾಗಲು ಕಾರಣವೇನೆಂಬುದನ್ನು, ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಹಾಗಾಗದಂತೆ ತಾವು ಏನು ಮಾಡಬಹುದೆಂಬುದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಬರೆಯುತ್ತಿದ್ದೇನೆ.

ನನಗೆ ಕಾಲು ಸಿಕ್ಕಿದ್ದು ಒಂದು ಉಚಿತ ಶಿಬಿರದಲ್ಲಿ. ಬೆಳಿಗ್ಗೆ ಹೆಸರು ಬರೆಸಿ, ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಲು ಸಿದ್ಧವಾಗಿತ್ತು. ಅಷ್ಟು ಬೇಗ ಕಾಲು ಕಟ್ಟಿಕೊಡುವುದು ಸಣ್ಣ ವಿದ್ಯೆಯಲ್ಲ. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಮೂಳೆ ವೈದ್ಯರಾದ ಡಾ. ಪಿ.ಕೆ. ಸೇಠಿಯವರೂ ಸೇರಿ 1968ರ ಸುಮಾರಿಗೆ ರೂಪಿಸಿದ ರಬ್ಬರ್ ಪಾದದಿಂದ, ಬರಿಗಾಲಲ್ಲಿ ಓಡಾಡುವ, ಕುಕ್ಕರಗಾಲಲ್ಲಿ ಕೂರುವ, ಗದ್ದೆಯ ಕೆಸರಿಗೆ ಇಳಿಯುವ ನಮ್ಮಂಥ ಜನರಿಗೂ ಕೃತಕ ಕಾಲು ಎಟುಕಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಪಾದಗಳು ಬೂಟಿನೊಳಗೆ ಅಡಗಿ, ಕುರ್ಚಿಯಲ್ಲಿ ಕೂತು ಏಳುವವರಿಗಾಗಿ ಮಾಡಿದಂಥವು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಎಡಿಪ್ ಯೋಜನೆಯನ್ನು ಆರಂಭಿಸಿತು. ಕೃತಕ ಅಂಗಗಳನ್ನು ತಯಾರಿಸುವ ಕಾನ್ಪುರದ ಸರ್ಕಾರಿ ಕಾರ್ಖಾನೆ ಅಲಿಮ್ಕೋ ಅದಕ್ಕೂ ಮೊದಲಿನಿಂದ, 1972ರಿಂದ ಇದೆ. ಆದ್ದರಿಂದ ಈ ದೇಶದಲ್ಲಿ ಕಾಲು ತಯಾರಿಸುವವರಿಲ್ಲ, ಕೊಡುವವರಿಲ್ಲ ಎಂದು ನಾನು ದೂರುವಂತಿಲ್ಲ.

ಆ ಮಧ್ಯಾಹ್ನ ಹೊಸ ಕಾಲು ಕಟ್ಟಿ ನನ್ನನ್ನು ನಿಲ್ಲಿಸಿದರು. ಇಬ್ಬರು ಎರಡು ಕಡೆ ಹಿಡಿದುಕೊಂಡು ಸಭಾಂಗಣದ ನುಣ್ಣನೆಯ ನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿದರು. ಸಾಲಾಗಿ ಕೂರಿಸಿ ಫೋಟೋ ತೆಗೆದರು, ಚೀಲದಲ್ಲಿ ಮೊಂಡುಗಾಲಿಗೆ ಹಾಕುವ ಒಂದು ಜೊತೆ ಕಾಲುಚೀಲ ಕೊಟ್ಟರು, 'ನಿಧಾನವಾಗಿ ರೂಢಿಯಾಗುತ್ತದೆ' ಎಂದು ಹೇಳಿ ಕಳುಹಿಸಿದರು. ಅವರ ಮಾತಿನಲ್ಲಿ ಪ್ರೀತಿಯಿತ್ತು, ಅದನ್ನು ನಾನು ಮರೆತಿಲ್ಲ. ಆದರೆ ರೂಢಿ ತಾನಾಗಿ ಆಗಲಿಲ್ಲ. ಮೂರನೆಯ ದಿನಕ್ಕೆ ಮೊಣಕಾಲ ಚಿಪ್ಪಿನ ಕೆಳಗೆ ಚರ್ಮ ಕೆಂಪಾಯಿತು, ಐದನೆಯ ದಿನಕ್ಕೆ ಬೊಕ್ಕೆಯೆದ್ದು ಒಡೆಯಿತು, ಎಂಟನೆಯ ದಿನ ಬಚ್ಚಲಿನ ಹೊಸಿಲು ದಾಟುವಾಗ ಬಿದ್ದೆ. ನಮ್ಮ ಅತ್ತೆ ನನ್ನನ್ನು ಎಬ್ಬಿಸಿ ಕೂರಿಸಿ, 'ಸಾಕು ಮಗಾ, ಇದ್ದಷ್ಟು ಕಾಲೂ ಹಾಳಾದೀತು' ಎಂದು ಆ ಕೃತಕ ಕಾಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಅಡಿಕೆ ಚೀಲಗಳ ಪಕ್ಕದಲ್ಲಿ ಅದು ಏಳು ತಿಂಗಳು ಇತ್ತು. ನಾನು ಊರುಗೋಲಿನ ಮೇಲೆ ಮನೆಯೊಳಗೇ ಇದ್ದೆ. ಕತ್ತರಿಸಿ ಹೋದ ಕಾಲಿನ ಹೆಬ್ಬೆರಳು ಆ ರಾತ್ರಿಗಳಲ್ಲಿ ತುರಿಸುತ್ತಿತ್ತು. ಇಲ್ಲದ ಕಾಲಿನ ನೋವು, ತುರಿಕೆ ಹೆಚ್ಚಿನವರಿಗೆ ಆಗುವಂಥದ್ದೆಂದು ಯಾರೂ ನನಗೆ ತಿಳಿಸಿರಲಿಲ್ಲ. ತಲೆ ಕೆಟ್ಟಿತೇನೋ ಎಂಬ ಭಯದಲ್ಲಿ ಯಾರಿಗೂ ಹೇಳದೆ ನುಂಗಿಕೊಂಡೆ.

ಕೊನೆಗೆ ನಡೆಯಲು ಕಲಿತದ್ದು ಹುಬ್ಬಳ್ಳಿಯಲ್ಲಿ, ಸಂಬಂಧಿಕರ ಮನೆಯಲ್ಲಿ ಐದು ವಾರ ಉಳಿದು. ಅಲ್ಲಿ ನನಗೆ ಕಲಿಸಿದ ಫಿಸಿಯೋಥೆರಪಿಸ್ಟ್ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ವಾರ ಅವರು ಕೃತಕ ಕಾಲನ್ನು ಮುಟ್ಟಲೂ ಬಿಡಲಿಲ್ಲ. ಕ್ರೇಪ್ ಬ್ಯಾಂಡೇಜನ್ನು ಎಂಟರ ಅಂಕಿಯ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತುವುದನ್ನು ಕಲಿಸಿದರು. ಹಾಗೆ ಸುತ್ತಿದರೆ ಬಾವು ಇಳಿದು ಮೊಂಡುಗಾಲು ಸಾಕೆಟ್ಟಿನೊಳಗೆ, ಅಂದರೆ ಕೃತಕ ಕಾಲಿನ ಬಟ್ಟಲಿನೊಳಗೆ, ಸರಿಯಾಗಿ ಕೂರುವ ಆಕಾರಕ್ಕೆ ಬರುತ್ತದೆ. ಮೊಣಕಾಲಿನ ಕೆಳಗೆ ದಿಂಬಿಟ್ಟುಕೊಂಡು ಮಲಗುತ್ತಿದ್ದೆ ಎಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ಮಾಡುವ ಉಪಚಾರ ಅದು. ಆದರೆ ತಿಂಗಳುಗಟ್ಟಲೆ ಮಡಿಚಿಟ್ಟ ಕೀಲು ಹಾಗೆಯೇ ಸೆಟೆದುಕೊಂಡು, ಮುಂದೆ ನೇರ ಮಾಡಲು ಬಾರದಂತಾಗುತ್ತದೆ. ಮೊಣಕಾಲು ನೇರವಾಗದವರಿಗೆ ಎಂಥ ಒಳ್ಳೆಯ ಕಾಲು ಕಟ್ಟಿದರೂ ನಡಿಗೆ ಸರಿಯಾಗಿ ಬಾರದು. ನನಗೆ ಅದನ್ನು ಬಿಡಿಸಲು ಹನ್ನೆರಡು ದಿನ ಬೇಕಾಯಿತು. ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಹಾಳೆ ಕೈಗಿತ್ತು, ದಿಂಬಿಡಬೇಡಿ, ದಿನಕ್ಕೆ ಕೆಲ ಹೊತ್ತು ಬೋರಲಾಗಿ ಮಲಗಿ ಎಂಬ ಎರಡು ಸಾಲು ಹೇಳಿದ್ದರೆ ಆ ಹನ್ನೆರಡು ದಿನದ ನೋವು ತಪ್ಪುತ್ತಿತ್ತು.

ಆಮೇಲೆ ಕಂಬಿಗಳ ನಡುವೆ ನಿಲ್ಲಿಸಿದರು. ಸೊಂಟದ ಎತ್ತರಕ್ಕೆ ಅಕ್ಕಪಕ್ಕ ಹಾಕಿದ ಎರಡು ಉಕ್ಕಿನ ಕಂಬಿ, ಎದುರಿಗೆ ಆಳೆತ್ತರದ ಕನ್ನಡಿ. ನಾನು ಮೊದಲ ದಿನದಿಂದಲೂ ತಲೆತಗ್ಗಿಸಿ ಕಾಲನ್ನೇ ನೋಡುತ್ತಿದ್ದೆ. 'ಯಕ್ಕಾ, ಕಾಲ ನೋಡಬ್ಯಾಡ್ರಿ, ಕನ್ನಡ್ಯಾಗ ನಿಮ್ಮ ಮಾರಿ ನೋಡ್ರಿ' ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ನೆಲ ಮುಟ್ಟಿತೆಂದು ಪಾದ ನಮಗೆ ಹೇಳುವುದನ್ನು ನಿಲ್ಲಿಸಿದ ಮೇಲೆ ಕಣ್ಣು ಆ ಕೆಲಸವನ್ನು ಕೈಗೆತ್ತಿಕೊಳ್ಳುತ್ತದೆ. ಕಣ್ಣಿನಿಂದ ಬಿಡಿಸಿ ಅದನ್ನು ಮೊಣಕಾಲಿಗೂ ಸೊಂಟಕ್ಕೂ ಕಲಿಸುವುದೇ ಈ ವಿದ್ಯೆಯ ಮುಕ್ಕಾಲು ಭಾಗ. ಒಂದು ದಿನ ಅವರು ಸಾಮಾನ್ಯ ತೂಕದ ಯಂತ್ರವನ್ನು ತಂದು ಎಡಪಾದದ ಕೆಳಗೂ, ಅಷ್ಟೇ ಎತ್ತರದ ಮರದ ಹಲಗೆಯನ್ನು ಬಲಪಾದದ ಕೆಳಗೂ ಇಟ್ಟರು. ನಾನು ಎರಡೂ ಕಾಲಿನ ಮೇಲೆ ಸಮವಾಗಿ ನಿಂತಿದ್ದೇನೆಂದೇ ನಂಬಿದ್ದೆ. ಮುಳ್ಳು ಒಂಬತ್ತು ಕಿಲೋ ತೋರಿಸಿತು. ನನ್ನ ತೂಕ ಆಗ ಐವತ್ತೆರಡು. ಉಳಿದ ನಲವತ್ತಮೂರು ಕಿಲೋವನ್ನು ಬಲಗಾಲೊಂದೇ ಹೊರುತ್ತಿತ್ತು. ಹಗಲೆಲ್ಲ ಅದೇ ಅಭ್ಯಾಸ: ಹದಿನಾಲ್ಕು, ಹದಿನೆಂಟು, ಮತ್ತೆ ಹದಿನೈದು, ಇಪ್ಪತ್ತೆರಡು. ಮುಳ್ಳು ಇಪ್ಪತ್ತಾರಕ್ಕೆ ಬಂದು ನಿಂತ ದಿನ ನಾನು ಅತ್ತೆನೆಂದು ಬರೆಯಲು ಸಂಕೋಚವಿಲ್ಲ.

ಇಂಥ ಪಾಠಗಳು ಇನ್ನೂ ಹಲವು ಇದ್ದವು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಹೊಸ ಕಾಲು ಮೊದಲು. ಕಾಲು ಬಿಚ್ಚಿದ ಮೇಲೆ ಚರ್ಮದ ಕೆಂಪು ಹತ್ತು ಹದಿನೈದು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ, ಉಳಿದರೆ ಅಲ್ಲಿ ಸಾಕೆಟ್ ಒತ್ತುತ್ತಿದೆ ಎಂದರ್ಥ. ಮೊಣಕಾಲಿನ ಕೆಳಗೆ ಕತ್ತರಿಸಿದವರ ಭಾರವನ್ನು ಮೊಂಡುಗಾಲಿನ ತುದಿ ಹೊರಬಾರದು, ಮುಖ್ಯವಾಗಿ ಚಿಪ್ಪಿನ ಕೆಳಗಿನ ಗಟ್ಟಿ ನಾರು ಹೊರಬೇಕು. ಮೊಂಡುಗಾಲು ಸಂಜೆಯ ಹೊತ್ತಿಗೆ ಕುಗ್ಗುತ್ತದೆ, ಆಗ ಒಂದು ಕಾಲುಚೀಲ ಹೆಚ್ಚು ಹಾಕಿಕೊಳ್ಳಬೇಕು. ಚಪ್ಪಲಿಯ ಹಿಮ್ಮಡಿಯ ಎತ್ತರ ಬದಲಾದರೆ ಇಡೀ ಕಾಲು ವಾಲುವ ಬಗೆ ಬದಲಾಗುತ್ತದೆ. ಬಿದ್ದರೆ ಹೇಗೆ ಬೀಳಬೇಕು, ಬಿದ್ದ ಮೇಲೆ ಯಾರ ಕೈ ಹಿಡಿಯದೆ ಹೇಗೆ ಏಳಬೇಕು ಎಂಬುದನ್ನು ಅವರು ಚಾಪೆಯ ಮೇಲೆ ಬೀಳಿಸಿಯೇ ಕಲಿಸಿದರು. ಶಿಬಿರದಲ್ಲಿ ನಡೆದ ಇಪ್ಪತ್ತು ಹೆಜ್ಜೆಯಲ್ಲಿ ಇದರಲ್ಲಿ ಒಂದನ್ನಾದರೂ ಕಲಿಯಲು ಸಾಧ್ಯವಿತ್ತೇ ಎಂದು ತಾವೇ ಯೋಚಿಸಬೇಕು.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕಾಗಿದೆ, ಏಕೆಂದರೆ ಬೇರೆಯವರು ಹೇಳುವುದನ್ನು ನಾನು ಕೇಳಿಲ್ಲ. ಆ ಶಿಬಿರದಲ್ಲಿ ಅಳತೆ ತೆಗೆದವರೂ ಕಾಲು ಕಟ್ಟಿದವರೂ ಗಂಡಸರೇ ಆಗಿದ್ದರು, ಪರದೆ ಇರಲಿಲ್ಲ. ಸಾಕೆಟ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಬೇಕು. ತುಂಬಿದ ಸಭೆಯಲ್ಲಿ ಅದು ನನ್ನಿಂದಾಗಲಿಲ್ಲ, 'ಒತ್ತುತ್ತಿದೆಯೇ' ಎಂದು ಕೇಳಿದಾಗ 'ಇಲ್ಲ' ಎಂದುಬಿಟ್ಟೆ. ಆಮೇಲೆ ಬೊಕ್ಕೆಯೆದ್ದದ್ದು ಆ ಒಂದು 'ಇಲ್ಲ'ದ ಫಲ. ಸೀರೆಯ ನಿರಿಗೆ ಹೊಸ ಪಾದದ ಬೆರಳ ತುದಿಗೆ ಸಿಕ್ಕಿಕೊಂಡರೆ ಅದು ನಮಗೆ ತಿಳಿಯುವುದೇ ಇಲ್ಲ, ಮುಂದಿನ ಹೆಜ್ಜೆ ಎತ್ತಿದಾಗಲೇ ತಿಳಿಯುವುದು. ಬಚ್ಚಲಿನ ಹೊಸಿಲಲ್ಲಿ ನಾನು ಬಿದ್ದದ್ದೂ ಹಾಗೆಯೇ. ನಿರಿಗೆಯನ್ನು ನಾಲ್ಕು ಬೆರಳು ಎತ್ತಿ ಉಡಬೇಕೆಂದು, ಒಲೆಯ ಮುಂದೆ ಕೂತು ಏಳುವಾಗ ಯಾವ ಕೈಯನ್ನು ಎಲ್ಲಿ ಊರಬೇಕೆಂದು ನನಗೆ ಹೇಳಿಕೊಟ್ಟವರು ಹುಬ್ಬಳ್ಳಿಯ ಆ ಕೇಂದ್ರಕ್ಕೆ ಬರುತ್ತಿದ್ದ, ನನ್ನಂತೆಯೇ ಕಾಲು ಕಳೆದುಕೊಂಡ ಧಾರವಾಡ ಕಡೆಯ ಒಬ್ಬ ತಾಯಿ.

ಇನ್ನು ನಮ್ಮ ಜಿಲ್ಲೆಯ ನೆಲದ ಮಾತು. ಹುಬ್ಬಳ್ಳಿಯ ಸಿಮೆಂಟಿನ ನೆಲದ ಮೇಲೆ ಕಲಿತ ನಡಿಗೆ ನಮ್ಮೂರಿನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬಂತು. ಮನೆಯಿಂದ ಶಾಲೆಗೆ ಚಿರೆಕಲ್ಲಿನ ಹದಿನೇಳು ಮೆಟ್ಟಿಲು ಇಳಿದು, ತೋಟದ ದಣಪೆ ದಾಟಿ, ಹಳ್ಳದ ಮೇಲಿನ ಕಾಲುಸಂಕ ದಾಟಿ ಹೋಗಬೇಕು. ಜೂನ್ ಕಳೆಯುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುತ್ತದೆ. ಕಾಲುಸಂಕವೆಂದರೆ ಜೋಡಿಸಿ ಕಟ್ಟಿದ ಮೂರು ಅಡಿಕೆ ಮರ, ಒಂದು ಕಡೆ ಹಿಡಿದುಕೊಳ್ಳಲು ಬಿದಿರು. ಅದರ ಮೇಲೆ ನಡೆಯುವವರು ಬೆರಳುಗಳಿಂದ ಮರವನ್ನು ಹಿಡಿಯುತ್ತಾರೆ, ನಮಗೆ ಅದು ಗೊತ್ತೇ ಆಗುವುದಿಲ್ಲ, ಚಿಕ್ಕಂದಿನಿಂದ ಬಂದದ್ದು. ರಬ್ಬರಿನ ಬೆರಳಿಗೆ ಹಿಡಿಯಲು ಬಾರದು. ಮೊದಲ ಮಳೆಗಾಲದಲ್ಲಿ ನಾನು ಆ ಸಂಕವನ್ನು ಬಿಟ್ಟು ಮೂರು ಕಿಲೋಮೀಟರ್ ಸುತ್ತಿ ಡಾಂಬರು ರಸ್ತೆಯಲ್ಲಿ ಶಾಲೆಗೆ ಹೋದೆ. ಕೃತಕ ಕಾಲಿನಲ್ಲಿ ಅದೇ ದೂರಕ್ಕೆ ಎರಡು ಕಾಲಿನವರಿಗಿಂತ ಹೆಚ್ಚು ಶಕ್ತಿ ಬೇಕು. ಮೊಣಕಾಲಿನ ಮೇಲೆ ಕತ್ತರಿಸಿದವರಿಗಂತೂ ಬಹಳ ಹೆಚ್ಚು ಬೇಕು. ಮೊದಲನೆಯ ಪಿರಿಯಡ್ಡಿನಲ್ಲಿ ಹಾಜರಿ ಕರೆಯಲು ಉಸಿರು ಸಾಲುತ್ತಿರಲಿಲ್ಲ. ಒದ್ದೆಯಾದ ಕಾಲುಚೀಲದಲ್ಲಿ ಸಂಜೆಯವರೆಗೆ ಇದ್ದರೆ ಚರ್ಮ ನೆನೆದು ಸುಲಿಯುತ್ತದೆ, ಹಾಗಾಗಿ ಈಗ ಶಾಲೆಯ ಕಪಾಟಿನಲ್ಲಿ ಚಾಕ್ ಡಬ್ಬಿಯ ಪಕ್ಕ ಮೂರು ಜೊತೆ ಒಣ ಕಾಲುಚೀಲ ಇಟ್ಟುಕೊಂಡಿದ್ದೇನೆ. ಕರಾವಳಿಯ ಮೀನುಗಾರನಿಗೆ ಹೊಯ್ಗೆ, ಜೋಯಿಡಾದವರಿಗೆ ಕಾಡಿನ ಇಳಿಜಾರು, ಮುಂಡಗೋಡದ ರೈತನಿಗೆ ಗದ್ದೆಯ ಬದು. ನಡೆಯಲು ಕಲಿಸುವವರು ಈ ನೆಲವನ್ನು ಬಲ್ಲವರಾಗಿರಬೇಕು, ಅಂದರೆ ಕಲಿಕೆ ಇಲ್ಲಿಯೇ ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊರತಂದ ಮಾನದಂಡಗಳು ಕೃತಕ ಅಂಗದ ಸೇವೆಯನ್ನು ನಾಲ್ಕು ಹಂತಗಳಾಗಿ ನೋಡುತ್ತವೆ: ಪರೀಕ್ಷೆ, ತಯಾರಿಕೆ ಮತ್ತು ಜೋಡಣೆ, ಬಳಸುವವರಿಗೆ ತರಬೇತಿ, ಕೊನೆಗೆ ಸಾಧನವನ್ನು ಒಪ್ಪಿಸಿ ಆಮೇಲೂ ನೋಡಿಕೊಳ್ಳುವುದು. ನಾನು ಕಂಡ ಶಿಬಿರದಲ್ಲಿ ಎರಡನೆಯ ಹಂತ ಚೆನ್ನಾಗಿ ನಡೆಯಿತು, ಮೂರನೆಯದು ಇಪ್ಪತ್ತು ಹೆಜ್ಜೆಗೆ ಮುಗಿಯಿತು, ಆಮೇಲೆ ನೋಡಿಕೊಳ್ಳುವವರು ಇರಲಿಲ್ಲ. ಕತ್ತರಿಸಿದ ಮೊದಲ ವರ್ಷದಲ್ಲಿ ಮೊಂಡುಗಾಲು ಕುಗ್ಗುತ್ತಲೇ ಹೋಗುವುದರಿಂದ ಮೊದಲ ಸಾಕೆಟ್ ಸಾಮಾನ್ಯವಾಗಿ ಸಡಿಲವಾಗಿ, ಬದಲಿಸಬೇಕಾಗುತ್ತದೆ. ಬೆಳೆಯುವ ಮಕ್ಕಳಿಗಂತೂ ಮತ್ತೆ ಮತ್ತೆ ಬದಲಿಸಬೇಕು. ಒಮ್ಮೆ ಬಂದು ಹೋಗುವ ಶಿಬಿರ ಎಷ್ಟೇ ಒಳ್ಳೆಯ ಮನಸ್ಸಿನದಾದರೂ ಈ ಕೆಲಸ ಮಾಡಲಾರದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 25ನೆಯ ಕಲಂ ಅಂಗವಿಕಲರಿಗೆ ವಾಸಸ್ಥಳದ ಸಮೀಪದಲ್ಲಿ, ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ, ಆದಾಯದ ಮಿತಿಗೆ ಒಳಪಟ್ಟು ಉಚಿತ ಆರೋಗ್ಯ ಸೇವೆ ದೊರೆಯಬೇಕೆನ್ನುತ್ತದೆ. 27ನೆಯ ಕಲಂ ಪುನರ್ವಸತಿಯ ಹೊಣೆಯನ್ನು ಸರ್ಕಾರದ ಹಾಗೂ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುತ್ತದೆ. 'ಸಮೀಪ' ಎಂಬ ಆ ಮಾತಿನ ಮೇಲೆಯೇ ನನ್ನ ಬೇಡಿಕೆ ನಿಂತಿದೆ. ಕಾರವಾರದಿಂದಾಗಲಿ ಕುಮಟಾದಿಂದಾಗಲಿ ಹುಬ್ಬಳ್ಳಿ ನೂರೈವತ್ತು ಕಿಲೋಮೀಟರಿಗೂ ದೂರ, ನಡುವೆ ಘಟ್ಟ. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ವಾಸಸ್ಥಳದಿಂದ 100 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ ಮಾತ್ರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸಾದ ನಾನು ಈಗ ಟಿಕೆಟ್ ಇಲ್ಲದೆ ಹೋಗಬಲ್ಲೆ. ಕಾಲು ಕಳೆದುಕೊಂಡ ಗಂಡಸಿಗೆ ಆ ಅನುಕೂಲವೂ ಇಲ್ಲ. ದಿನಗೂಲಿಯವನು ವಾರಗಟ್ಟಲೆ ಪರವೂರಿನಲ್ಲಿ ಯಾರ ಮನೆಯಲ್ಲಿ ಉಳಿದಾನು? ನನಗೆ ಹುಬ್ಬಳ್ಳಿಯಲ್ಲಿ ಬಂಧುಗಳಿದ್ದರು, ರಜೆಯಿತ್ತು, ಸಂಬಳವಿತ್ತು. ಇವು ಮೂರೂ ಇಲ್ಲದವರೇ ಹೆಚ್ಚು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಜಿಲ್ಲೆಯ ಹನ್ನೆರಡು ತಾಲೂಕುಗಳ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡಿಗೆ ಕಲಿಸುವುದಕ್ಕೆಂದೇ ಒಂದು ಕೋಣೆಯನ್ನೂ ವಾರದಲ್ಲಿ ಒಂದು ನಿಗದಿತ ದಿನವನ್ನೂ ಗೊತ್ತುಮಾಡಿ. ಆ ಕೋಣೆಗೆ ಬೇಕಾದದ್ದು ಎರಡು ಕಂಬಿ, ಒಂದು ಕನ್ನಡಿ, ನಾಲ್ಕು ಮೆಟ್ಟಿಲು, ಒಂದು ಇಳಿಜಾರು ಹಲಗೆ, ತೂಕದ ಯಂತ್ರ, ಪರದೆ. ಊರಿನ ಬಡಗಿಯೂ ವೆಲ್ಡಿಂಗ್ ಅಂಗಡಿಯವನೂ ಸೇರಿ ಮಾಡಿಕೊಡಬಹುದಾದ ವಸ್ತುಗಳಿವು. ಅದಕ್ಕಿಂತ ಕಷ್ಟದ್ದು ಕಲಿಸುವ ಜನ, ಅದನ್ನು ನಾನು ಬಲ್ಲೆ. ಪ್ರತಿ ತಾಲೂಕಿಗೂ ಪೂರ್ಣಾವಧಿಯವರು ಸಿಗದಿದ್ದರೆ ಇಬ್ಬರು ಫಿಸಿಯೋಥೆರಪಿಸ್ಟರು, ಅವರಲ್ಲೊಬ್ಬರು ಮಹಿಳೆ, ದಿನಕ್ಕೊಂದು ತಾಲೂಕಿನಂತೆ ತಿರುಗಲಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಾಕೆಟ್ ಬದಲಿಸುವ, ರಿಪೇರಿ ಮಾಡುವ ವ್ಯವಸ್ಥೆಗೆ ಅದಕ್ಕಿಂತ ತಕ್ಕ ಸ್ಥಳ ಜಿಲ್ಲೆಯಲ್ಲಿ ನನಗೆ ಕಾಣುವುದಿಲ್ಲ. ಗ್ರಾಮ ಪಂಚಾಯತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಮನೆಗೆ ಹೋಗುವವರು, ಅವರಲ್ಲಿ ಹಲವರು ತಾವೇ ಅಂಗವಿಕಲರು. ಬ್ಯಾಂಡೇಜ್ ಸುತ್ತುವುದನ್ನು, ಚರ್ಮದ ಕೆಂಪನ್ನು ಗುರುತಿಸುವುದನ್ನು, ಸಾಕೆಟ್ ಸಡಿಲವಾಗಿರುವುದನ್ನು ತಿಳಿಯುವುದನ್ನು ಅವರಿಗೆ ಕಲಿಸಿದರೆ ಅಟ್ಟ ಸೇರಬೇಕಾದ ಎಷ್ಟೋ ಕಾಲುಗಳು ನೆಲದ ಮೇಲೆ ಉಳಿಯುತ್ತವೆ. ಪಂಚಾಯತಿಗಳು ತಮ್ಮ ನಿಧಿಯಲ್ಲಿ ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ. 5ರಲ್ಲಿ ಕಾಲುಸಂಕಗಳಿಗೆ ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ ಹಾಕಿಸುವುದನ್ನು ಸೇರಿಸಿದರೆ ಶಾಲೆಯ ಮಕ್ಕಳಿಗೂ ಮುದುಕರಿಗೂ ಅದು ಆಗುತ್ತದೆ.

ಶಿಬಿರಗಳನ್ನು ನಿಲ್ಲಿಸಿ ಎಂದು ನಾನು ಎಂದೂ ಹೇಳಲಾರೆ. ಆದರೆ ಜಿಲ್ಲೆಯಲ್ಲಿ ಶಿಬಿರ ನಡೆಸಲು ಯಾರೇ ಮುಂದೆ ಬರಲಿ, ಕಾಲು ಪಡೆದವರಿಗೆ ಯಾರು, ಎಲ್ಲಿ, ಎಷ್ಟು ದಿನ ನಡೆಯಲು ಕಲಿಸುತ್ತಾರೆ, ಆರು ತಿಂಗಳ ಮೇಲೆ ಮರಳಿ ಬಂದು ನೋಡುವವರು ಯಾರು ಎಂಬುದನ್ನು ತಮ್ಮ ಕಚೇರಿ ಬರೆಸಿಕೊಳ್ಳಲಿ. ಎಷ್ಟು ಕಾಲು ಹಂಚಿದೆವು ಎಂಬ ಲೆಕ್ಕದ ಪಕ್ಕದಲ್ಲಿ ವರ್ಷದ ಮೇಲೂ ಎಷ್ಟು ಜನ ಅದನ್ನು ಕಟ್ಟಿಕೊಂಡು ನಡೆಯುತ್ತಿದ್ದಾರೆ ಎಂಬ ಲೆಕ್ಕವೂ ಇರಲಿ.

ನಮ್ಮ ಪಕ್ಕದ ಊರಿನಲ್ಲಿ ಒಬ್ಬ ಕೊನೆಗೌಡರಿದ್ದಾರೆ. ಮೂವತ್ತು ವರ್ಷ ಈ ಕಡೆಯ ತೋಟಗಳಲ್ಲಿ ಅಡಿಕೆ ಕೊನೆ ಇಳಿಸಿದವರು. ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಬಲಗಾಲು ಹೋಯಿತು. ಅವರಿಗೂ ಶಿಬಿರದಲ್ಲಿ ಕಾಲು ಸಿಕ್ಕಿತ್ತು, ಅದು ಎರಡು ವರ್ಷ ಕೊಟ್ಟಿಗೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಕಳೆದ ದೀಪಾವಳಿಯ ನಂತರ ಪ್ರತಿ ಭಾನುವಾರ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಅಂಗಳದಲ್ಲಿ ನಾಲ್ಕು ಗೂಟ ನೆಟ್ಟು, ಅವುಗಳಿಗೆ ಎರಡು ಅಡಿಕೆ ದಬ್ಬೆ ಕಟ್ಟಿ ಅವರ ಮಗ ಕಂಬಿ ಮಾಡಿದ್ದಾನೆ. ಕನ್ನಡಿಯ ಬದಲು ನಾನೇ ಎದುರಿಗೆ ನಿಲ್ಲುತ್ತೇನೆ. 'ಅಕ್ಕೋರೇ, ಮರ ಹತ್ತೂದು ಬೇಡ, ತೋಟದವರೆಗೆ ಹೋಗಿ ಮರ ನೋಡ್ಕಂಡು ಬಂದ್ರೆ ಸಾಕು' ಎಂದು ಅವರು ಹೇಳುತ್ತಾರೆ. ಈಗ ದಬ್ಬೆಯನ್ನು ಬಿಟ್ಟು ಹನ್ನೊಂದು ಹೆಜ್ಜೆ ನಡೆಯುತ್ತಾರೆ. ಆದರೆ ಎರಡು ವರ್ಷದಲ್ಲಿ ಅವರ ಮೊಂಡುಗಾಲು ಕುಗ್ಗಿ ಸಾಕೆಟ್ ಲೊಡಲೊಡ ಎನ್ನುತ್ತಿದೆ. ಐದು ಕಾಲುಚೀಲ ಹಾಕಿದರೂ ತಿರುಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಲ್ಲೊಂದು ಗಾಯವಾದರೆ ಏನಾಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಶಿಕ್ಷಕಿ, ಈ ವಿದ್ಯೆಯಲ್ಲಿ ತರಬೇತಿ ಪಡೆದವಳಲ್ಲ. ಇದಕ್ಕಿಂತ ಮುಂದೆ ಅವರನ್ನು ನಡೆಸಲು ನನಗೆ ಧೈರ್ಯ ಸಾಲದು. ಹೊಸ ಸಾಕೆಟ್ಟಿಗಾಗಿ ಅವರ ಹೆಬ್ಬೆಟ್ಟು ಹಾಕಿದ ಅರ್ಜಿಯನ್ನು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಬೇರೆಯಾಗಿ ಅಂಚೆಯಲ್ಲಿ ಕಳುಹಿಸಿದ್ದೇನೆ. ಮಳೆಗಾಲಕ್ಕೆ ಮೊದಲು ಅದಕ್ಕೊಂದು ಉತ್ತರ ಬೇಕು. ಜೂನ್ ಬಂದ ಮೇಲೆ ಆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ